ಅಪ್‌ಡೇಟ್: ಹಾಸನದಲ್ಲಿ ಡಬ್ಬಿ ಊಟ ಶುರು ಮಾಡಲಾ ಅಂತ ಕೇಳಿದ್ದೆ

ಯಜಮಾನರು ಹೋದ ಮೇಲೆ ನನ್ನ ಕೆಲಸವೂ ಹೋಯ್ತು, ಉಳಿದ ದುಡ್ಡು ಹಾಕಿ ಡಬ್ಬಿ ಊಟ ಶುರು ಮಾಡೋಕೆ ಧೈರ್ಯ ಸಾಲುತ್ತಿಲ್ಲ ಅಂತ 3 ವಾರದ ಹಿಂದೆ ಬರೆದಿದ್ದೆ. ಶುರು ಮಾಡಿದೆ!

ಅಂಗಡಿ ಹಿಡಿಯಬೇಡಿ, ಮನೆಯಿಂದಲೇ 5 ಡಬ್ಬಿ ಕೊಟ್ಟು ನೋಡಿ ಅಂದಿರಲ್ಲ ಅಕ್ಕ, ಅದೇ ಕೈಹಿಡಿಯಿತು. ಧೈರ್ಯ ಬರೋವರೆಗೂ ಕಾಯಿರಿ ಅನ್ನೋ ಸಲಹೆ ನನಗೆ ಆಗಲಿಲ್ಲ, ಕಾದಷ್ಟೂ ಭಯ ಜಾಸ್ತಿಯಾಯ್ತು. ಸಣ್ಣ ವ್ಯಾಪಾರಕ್ಕೆ ಅಂತ ಇರೋ ಸರ್ಕಾರಿ ಯೋಜನೆಯ ಮುದ್ರಾ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಕೊಡುತ್ತಾರೆ, ಸದ್ಯಕ್ಕೆ ಬೇಕಾಗಲಿಲ್ಲ.

ಮೊದಲ ದಿನ ಕೈ ನಡುಗಿ ಎರಡು ಅಕ್ಕಿ ರೊಟ್ಟಿ ಹರಿದವು. ಮೂರನೇದು ಬಾಳೆ ಎಲೆಯಿಂದ ಹೆಂಚಿಗೆ ಹರಿಯದೆ ಬಿತ್ತು ನೋಡಿ, ಕಣ್ಣಲ್ಲಿ ನೀರು ಬಂತು. ನಂಬಿಕೆ ಮೊದಲು, ಹೆಜ್ಜೆ ಆಮೇಲೆ ಅಂದುಕೊಂಡಿದ್ದೆ, ನನಗೆ ಉಲ್ಟಾ ಆಯ್ತು. ಹಾಸನಾಂಬೆ ಗುಡಿ ತೆರೆಯೋದು ವರ್ಷಕ್ಕೊಮ್ಮೆ, ಬಾಗಿಲು ಹಾಕುವಾಗ ಹಚ್ಚಿದ ದೀಪ ಮುಂದಿನ ವರ್ಷದವರೆಗೂ ಉರಿಯುತ್ತೆ ಅಂತ ನಂಬುತ್ತೇವೆ ಅಲ್ವಾ, ಆ ಮುಚ್ಚಿದ ಬಾಗಿಲಿಗೆ ಕೈಮುಗಿದು ಬಂದೇ ಒಲೆ ಹಚ್ಚಿದ್ದು.

ಈಗ 11 ಡಬ್ಬಿ. ಹುಚ್ಚೆಳ್ಳು ಚಟ್ನಿ ಜಾಸ್ತಿ ಹಾಕಿ ಅಂತ ನಾಲ್ಕು ಜನ ಕೇಳಿದ್ದಾರೆ, ನಾಳೆಗೆ ಹುರಿದಿಟ್ಟಿದ್ದೇನೆ.