ಪುಟ್ಟಿ, ಆ ಹುಲ್ಲಿನ ಲಂಗ ಕಾರ್ಟಿಂದ ತೆಗಿ ಮೊದ್ಲು

ಪುಟ್ಟಿ, ನಿನ್ ಮೆಸೇಜು ಈಗ ನೋಡ್ದೆ ಕಣೇ, ಅಡುಗೆ ಮನೇಲಿದ್ದೆ. ಮುಂದಿನ ಶುಕ್ರವಾರ ಆಫೀಸಿನೋರೆಲ್ಲ ಸೇರಿ ಸ್ಯಾನ್ ಫ್ರಾನ್ಸಿಸ್ಕೋ ಫೇರ್‌ಮಾಂಟ್ ಹೋಟೆಲಿನ ಟೋಂಗಾ ರೂಮ್ ಅನ್ನೋ ಬಾರಿಗೆ ಹೋಗ್ತಿದೀರ, ಎಲ್ಲಾರೂ ಹಳೇ ಕಾಲದ ಟಿಕಿ ಸ್ಟೈಲಲ್ಲಿ ಬರ್ಬೇಕಂತೆ, ಅದಕ್ಕೆ ನೀನು ಹಸಿರು ಪ್ಲಾಸ್ಟಿಕ್ ಹುಲ್ಲಿನ ಲಂಗ, ತೆಂಗಿನ ಚಿಪ್ಪಿನ ಬ್ರಾ, ಬಣ್ಣಬಣ್ಣದ ಪ್ಲಾಸ್ಟಿಕ್ ಹಾರ, ಇದಿಷ್ಟು ಸೆಟ್ ಕಾರ್ಟಿಗೆ ಹಾಕಿ ಚಿಕ್ಕಮ್ಮ ಇದು ಓಕೆನಾ ಅಂತ ಕೇಳಿದೀಯ. ಓಕೆ ಅಲ್ಲ ಕಣೇ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಅತ್ತಿಗೇನೂ ಗ್ರೂಪಲ್ಲಿ ಕೆಳಗಡೆ ಟಿಕಿ ಅಂದ್ರೇನು ಅಂತ ಕೇಳಿದಾರೆ, ಅವರಿಗೂ ಸೇರಿಸಿ ಹೇಳ್ಬಿಡ್ತೀನಿ.

ಅತ್ತಿಗೆ, ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ, ಟಿಕಿ ಅಂದ್ರೆ ಮೊದಲ ಮನುಷ್ಯ, ಮರದಲ್ಲಿ ಕಲ್ಲಲ್ಲಿ ಕೆತ್ತೋ ಆ ಮೂರ್ತಿಗೂ ಅದೇ ಹೆಸರು, ಅವರಿಗೆ ಅದು ಪೂರ್ವಜರಿಗೆ ದೇವರಿಗೆ ಸೇರಿದ್ದು. ಅಮೆರಿಕದೋರು ಅದನ್ನ 1930ರ ದಶಕದಲ್ಲಿ ತಂದು ಹಾಲಿವುಡ್ಡಲ್ಲಿ, ಆಮೇಲೆ ನಮ್ಮ ಈ ಓಕ್ಲೆಂಡಲ್ಲಿ, ಬಿದಿರು ಹುಲ್ಲು ಹಾಕಿ ರಮ್ ಕುಡಿಯೋ ಜಾಗಗಳನ್ನ ಮಾಡಿದ್ರು. ಎರಡನೇ ಮಹಾಯುದ್ಧಕ್ಕೆ ಅಂತ ಪೆಸಿಫಿಕ್ಕಿಗೆ ಹೋಗಿದ್ದ ಹುಡುಗ್ರು ವಾಪಸ್ ಬಂದ್ಮೇಲೆ ಅದು ಇನ್ನೂ ಜೋರಾಯ್ತು, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯ ಆದ್ಮೇಲಂತೂ ಮನೆಮನೆ ಹಿತ್ತಲಲ್ಲೂ ಹವಾಯಿ ಪಾರ್ಟಿ. ಟೋಂಗಾ ರೂಮ್ 1945ರದ್ದು, ಹೋಟೆಲಿನ ಈಜುಕೊಳಾನೇ ಕೆರೆ ಥರ ಮಾಡಿ, ದೋಣಿ ಮೇಲೆ ಬ್ಯಾಂಡ್ ಕೂರಿಸಿ, ಆಗಾಗ ಒಳಗಡೇನೇ ಮಳೆ ಸುರಿಸ್ತಾರೆ.

ಇವಾಗ ವಿಷ್ಯಕ್ಕೆ ಬರ್ತೀನಿ. ನಮ್ ಗಣಪತೀನ ಯಾರೋ ಚಪ್ಪಲಿ ಮೇಲೆ, ಈಜೋ ಬಟ್ಟೆ ಮೇಲೆ ಪ್ರಿಂಟ್ ಹಾಕ್ದಾಗ ನಮ್ಗೆ ಹೊಟ್ಟೇಲಿ ಹೇಗಾಗತ್ತೆ ಹೇಳು? ಟಿಕಿ ಮುಖ ಇರೋ ಡ್ರೆಸ್ಸು, ಟಿಕಿ ಮುಖದ ಕಿವಿಯೋಲೆ ನಾನು ಅದಕ್ಕೇ ಮುಟ್ಟಲ್ಲ. ಆ ಹುಲ್ಲಿನ ಲಂಗಾನೂ ಅಷ್ಟೇ, ಅಲ್ಲಿನ ಹೆಣ್ಮಕ್ಕಳನ್ನ ಬೊಂಬೆ ಮಾಡಿ ನಿಲ್ಲಿಸ್ದಂಗೆ. ಅದನ್ನ ಬಿಟ್ರೂ ನಿನಗೆ ಬೇಕಾದ್ದು ಬೇಜಾನ್ ಇದೆ, ಯಾಕಂದ್ರೆ 50, 60ರ ದಶಕದಲ್ಲಿ ಹೊನೊಲುಲುವಿನಲ್ಲೇ ಹೊಲಿದ ನಿಜವಾದ ಡ್ರೆಸ್‌ಗಳಷ್ಟು ಚೆಂದದ್ದು ನಾನಂತೂ ಬೇರೆ ನೋಡಿಲ್ಲ.

ಆಲ್ಫ್ರೆಡ್ ಶಾಹೀನ್ ಅನ್ನೋ ಹೆಸರು ಬರೆದಿಟ್ಕೊ. 1948ರಲ್ಲಿ ಹೊನೊಲುಲುವಿನಲ್ಲಿ ಬಟ್ಟೆ ಕಂಪನಿ ಶುರು ಮಾಡಿದ್ರು, ಬಟ್ಟೆ ಹೊರಗಿಂದ ತರ್ಸೋ ಬದ್ಲು ತಾವೇ ಡಿಸೈನ್ ಬರೆಸಿ ತಾವೇ ಪ್ರಿಂಟ್ ಮಾಡ್ಸಿದ್ರು. 1961ರ ಎಲ್ವಿಸ್ ಪ್ರೆಸ್ಲಿ ಆಲ್ಬಂ ಕವರಿನಲ್ಲಿ ಇರೋ ಕೆಂಪು ಶರ್ಟ್ ಅವರದೇ. ಹೆಂಗಸರಿಗೆ ಅವರು ಮಾಡಿದ ಸರೋಂಗ್ ಡ್ರೆಸ್ ಇದ್ಯಲ್ಲ, ಮೇಲ್ಗಡೆ ಒಳಗೆ ಕಡ್ಡಿ ಹಾಕಿ ಗಟ್ಟಿಯಾಗಿ ಕೂತ್ಕೊಳೋ ಹಾಗೆ ಹೊಲಿದು, ಸೊಂಟದಿಂದ ಕೆಳಗೆ ನಮ್ಮ ಸೀರೆ ನೆರಿಗೆ ಒಂದ್ ಕಡೆ ಎಳೆದು ಸಿಗಿಸ್ದಂಗೆ ಸುತ್ತು. ಕಪ್ಪು ಇಲ್ಲ ಮರೂನ್ ಬಟ್ಟೆ ಮೇಲೆ ಎಲೆ ಹೂವು, ಅದರ ಅಂಚಿಗೆ ಬಂಗಾರದ ಬಣ್ಣದ ಪ್ರಿಂಟು, ದೀಪದ ಬೆಳಕಲ್ಲಿ ನೋಡಿದ್ರೆ ಜರಿ ಥರಾನೇ ಹೊಳೆಯತ್ತೆ. ಒರಿಜಿನಲ್ ಸಿಕ್ಕಿದ್ರೆ ಈಗ ದುಬಾರಿ, ಆದ್ರೆ ಆ ಕಟ್ಟಿಂಗಲ್ಲಿ ಹೊಸದಾಗಿ ಹೊಲಿಯೋರು ಇದಾರೆ.

ಹಳೇದೇ ತಗೊತೀನಿ ಅಂದ್ರೆ ಸೈಜ್ ನಂಬರ್ ನಂಬ್ಬೇಡ ಪುಟ್ಟಿ! ಆಗಿನ ಕಾಲದ 12 ಅಂದ್ರೆ ಈಗಿನ 6 ಇಲ್ಲ 8ರಷ್ಟೇ. ನಾನು ಮೊದಲ್ನೇ ಸಲ ಆನ್‌ಲೈನಲ್ಲಿ ಒಬ್ಬರ ಹತ್ರ ನಂಬರ್ ನೋಡಿ ತಗೊಂಡೆ, ಜಿಪ್ ಅರ್ಧಕ್ಕೇ ನಿಂತ್ಬಿಡ್ತು, ಅವ್ರು ದುಡ್ಡೂ ವಾಪಸ್ ಕೊಡ್ಲಿಲ್ಲ, ಅವತ್ತು ಅತ್ತಿದ್ದೆ ನಾನು. ಟೇಪ್ ಹಿಡಿದು ಎದೆ ಸೊಂಟ ಅಳತೆ ತಗೊಂಡು, ಮಾರೋರ ಹತ್ರ ಇಂಚುಗಳಲ್ಲೇ ಕೇಳು. ಬೆನ್ನಿನ ಜಿಪ್ ಲೋಹದ್ದಿದ್ರೆ ಸಾಮಾನ್ಯವಾಗಿ 60ರ ದಶಕ ಇಲ್ಲ ಅದಕ್ಕೂ ಹಿಂದಿನದು. ಕಂಕುಳ ಹತ್ರ ಬಟ್ಟೆ ಸವೆದಿದ್ಯಾ ಅಂತ ಫೋಟೋ ಹಾಕ್ಸ್ಕೊ, ಮೊದ್ಲು ಹರಿಯೋದೇ ಅಲ್ಲಿ.

ಬಿಗಿ ಡ್ರೆಸ್ ಬೇಡ ಅನ್ಸಿದ್ರೆ ಮುಊಮುಊ ಹಾಕೊ. ಅತ್ತಿಗೆ ನೋಡಿದ ತಕ್ಷಣ ಇದು ನೈಟಿ ಅಲ್ವಾ ಅಂತಾರೆ, ಗೊತ್ತು ನನಗೆ. 1820ರಲ್ಲಿ ಹವಾಯಿಗೆ ಬಂದ ಮಿಷನರಿಗಳ ಹೆಂಡ್ತೀರು ಅಲ್ಲಿನ ಹೆಂಗಸರಿಗೆ ಮೈತುಂಬ ಗೌನ್ ತೊಡಿಸಿದ್ರು, ಅದರ ಒಳಗೆ ಹಾಕೊತಿದ್ದ ಸಡಿಲ ಅಂಗೀನೇ ಮುಊಮುಊ, ಅದನ್ನ ಅಲ್ಲಿನೋರು ತಮ್ಮ ಹೂವು ತಮ್ಮ ಬಣ್ಣ ಹಾಕಿ ಹೊರಗಡೆ ಉಡುಗೆ ಮಾಡ್ಕೊಂಡ್ರು. ಭುಜದಿಂದ ಹಿಂದಕ್ಕೆ ನೆರಿಗೆ ಇಳಿಬಿಟ್ಟಿರೋದನ್ನ ಹುಡುಕು, ನಡೆದ್ರೆ ಹಿಂದೆ ಸೆರಗು ತೇಲಿದಂಗೆ ಬರತ್ತೆ, ನಿನ್ ಎತ್ತರಕ್ಕೆ ರಾಣಿ ಥರ ಕಾಣ್ತೀಯ. ನನ್ನ ಕೇಳಿದ್ರೆ ನಿನಗೆ ಇದೇ.

ಒಂದೇ ಪ್ರಿಂಟ್ ಸಾಕು. ಡ್ರೆಸ್ಸಲ್ಲಿ ಹೂವಿದ್ರೆ ಬ್ಯಾಗು, ಸ್ಕಾರ್ಫು ಎಲ್ಲಾ ಪ್ಲೇನ್ ಇರ್ಲಿ. ಬಿದಿರು ಹಿಡಿಯ ಇಲ್ಲ ಬೆತ್ತದ ಬ್ಯಾಗು, ಕಾರ್ಕ್ ಹಿಮ್ಮಡಿ ಚಪ್ಪಲಿ, ಕೈಗೆ ನಾಲ್ಕೈದು ಮರದ ಬಳೆ. ಹವಳದ ಬಣ್ಣದ ಲಿಪ್‌ಸ್ಟಿಕ್ಕು, ಕಣ್ಣಿಗೆ ಕಾಡಿಗೆ ತುದಿ ಸ್ವಲ್ಪ ಮೇಲೆತ್ತು, ಮುಗೀತು.

ಹೂವಿನ ವಿಷ್ಯಕ್ಕೆ ಮಾತ್ರ ಪ್ಲಾಸ್ಟಿಕ್ ಬೇಡ, ಕೈ ಮುಗಿದು ಹೇಳ್ತೀನಿ. ಹವಾಯಿಯಲ್ಲಿ ಪಿಕಾಕೆ ಅಂತ ಹಾರ ಮಾಡ್ತಾರಲ್ಲ, ಅದು ಯಾವ್ದು ಅನ್ಕೊಂಡೆ? ನಮ್ ದುಂಡುಮಲ್ಲಿಗೇನೇ ಕಣೇ! ಅಲ್ಲಿನ ರಾಜಕುಮಾರಿ ಕೈಉಲಾನಿಗೆ ನವಿಲು ಅಂದ್ರೂ ಪ್ರಾಣ, ಈ ಹೂವು ಅಂದ್ರೂ ಪ್ರಾಣ, ಅದಕ್ಕೆ ನವಿಲಿನ ಇಂಗ್ಲಿಷ್ ಹೆಸರನ್ನೇ ಅವರ ಬಾಯಿಗೆ ತಿರುಗಿಸಿ ಹೂವಿಗೂ ಇಟ್ರು. ಮೊದಲ್ನೇ ಸಲ ಓದ್ದಾಗ ನನಗೆ ಅಜ್ಜಿ ಸಂಜೆ ಜಗಲಿ ಮೇಲೆ ಬಾಳೆನಾರಲ್ಲಿ ಮಾಲೆ ಕಟ್ತಿದ್ದಿದ್ದು ಕಣ್ಮುಂದೆ ಬಂತು. ಫ್ರೀಮಾಂಟಿನ ಇಂಡಿಯನ್ ಅಂಗಡೀಲಿ ಶುಕ್ರವಾರ ಮಲ್ಲಿಗೆ ಸಿಕ್ಕಿದ್ರೆ ಎರಡು ಮೊಳ ತಗೊ, ಜಡೆ ಬಿಚ್ಚಿ ಕತ್ತಿನ ಮೇಲೆ ತುರುಬು ಕಟ್ಟಿ ಸುತ್ತಾಕೊ. ಸಿಗ್ಲಿಲ್ಲಾಂದ್ರೆ ನಮ್ಮನೆ ಕುಂಡದ ಕೆಂಪು ದಾಸವಾಳ ಇದೆ, ಕಿವಿ ಹಿಂದೆ ಒಂದೇ ಒಂದು. ಬಲಗಡೆ ಇಟ್ಕೊಂಡ್ರೆ ಇನ್ನೂ ಯಾರೂ ಜೊತೆಗಿಲ್ಲ ಅಂತ, ಎಡಗಡೆ ಇಟ್ರೆ ಇದಾರೆ ಅಂತ ಅಲ್ಲಿ ಅರ್ಥ, ಎಲ್ಲಿಡ್ತೀಯ ನೀನೇ ನೋಡ್ಕೊ, ಗ್ರೂಪಲ್ಲಿ ಹೇಳ್ಬೇಕಾಗಿಲ್ಲ.

ಮತ್ತೆ ಚಳಿ. ಬೆಟ್ಟದ ಮೇಲಿನ ಹೋಟೆಲು, ಸಂಜೆ ಮಂಜು ಗಾಳಿ ಎರಡೂ ಇರತ್ತೆ, ತೋಳಿಲ್ಲದ ಡ್ರೆಸ್ಸಲ್ಲಿ ಟ್ಯಾಕ್ಸಿಗೆ ಕಾಯೋಕಾಗಲ್ಲ. ಫ್ಲೀಸ್ ಜಾಕೆಟ್ ಹಾಕಿ ಎಲ್ಲಾ ಹಾಳ್ಮಾಡ್ಬೇಡ, ಆಗಿನೋರು ಭುಜದ ಮೇಲೆ ಮಣಿ ಕೆಲಸದ ಗಿಡ್ಡ ಸ್ವೆಟರ್ ಹಾಕೊತಿದ್ರು, ನನ್ನ ಹತ್ರ ಕೆನೆ ಬಣ್ಣದ್ದು ಒಂದಿದೆ.

ಭಾನುವಾರ ಬೆಳಗ್ಗೆ ಇಲ್ಲಿಗೇ ಬಾ, ಹಸಿರು ಮುಊಮುಊ ಒಂದು ತೆಗ್ದಿಟ್ಟಿದೀನಿ, ಭುಜ ಸಡಿಲ ಆದ್ರೆ ಅರ್ಧ ಗಂಟೇಲಿ ಹಿಡಿದು ಹೊಲಿದು ಕೊಡ್ತೀನಿ. ಬರೋವಾಗ ನೀನು ಅವತ್ತು ಹಾಕೊಳೋ ಚಪ್ಪಲೀನೇ ತಗೊಂಡ್ಬಾ, ಇಲ್ದಿದ್ರೆ ಅಂಚು ಎಷ್ಟು ಮಡಿಸ್ಬೇಕು ಅಂತ ಗೊತ್ತಾಗಲ್ಲ.