ಅಪ್‌ಡೇಟ್: ಫಿನ್ಲೆಂಡ್‌ನ ಪುಸ್ತಕಗಳು, ಓದಿದ ಮೇಲೆ

ಫಿನ್ಲೆಂಡ್‌ನ ಸಾಹಿತ್ಯವನ್ನು ಯಾವ ಪುಸ್ತಕದಿಂದ ಶುರು ಮಾಡಲಿ ಎಂದು ಕೇಳಿದ್ದೆನಲ್ಲ, ನೀವು ಹೇಳಿದವುಗಳಲ್ಲಿ ಎರಡನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿದೆ.

ಟೂವೆ ಯಾನ್ಸನ್ ಅವರ ‘ದ ಸಮ್ಮರ್ ಬುಕ್’ (1972) ಮನಸ್ಸನ್ನು ಪೂರ್ತಿ ಗೆದ್ದುಕೊಂಡಿತು. ಫಿನ್ಲೆಂಡ್ ಕೊಲ್ಲಿಯ ಪುಟ್ಟ ದ್ವೀಪ, ಒಬ್ಬ ಅಜ್ಜಿ, ಮೊಮ್ಮಗಳು ಸೋಫಿಯಾ. ಮೊದಲ ಅಧ್ಯಾಯದಲ್ಲೇ ಅಜ್ಜಿ ಹೂಗಿಡಗಳ ನಡುವೆ ಬಿದ್ದುಹೋದ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಹುಡುಕುತ್ತಿರುತ್ತಾಳೆ. ಸ್ವಲ್ಪ ಹೊತ್ತಿಗೆ ಹುಡುಗಿ, ನೀನು ಯಾವಾಗ ಸಾಯುತ್ತೀಯ ಎಂದು ಕೇಳಿಬಿಡುತ್ತಾಳೆ. ಇನ್ನೇನು ಬೇಗ, ಆದರೆ ಅದು ನಿನಗೆ ಸಂಬಂಧಪಟ್ಟದ್ದಲ್ಲ ಎಂಬಂಥ ಉತ್ತರ! ಕಣ್ಣೀರು ಹಿಂಡುವ ಗೋಜಿಗೇ ಲೇಖಕಿ ಹೋಗುವುದಿಲ್ಲ. ಮೂಲ ಸ್ವೀಡಿಷ್ ಭಾಷೆಯದು. ಹಾಗಾಗಿ ಇದು ಫಿನ್ನಿಷ್ ಪುಸ್ತಕ ಹೌದೋ ಅಲ್ಲವೋ ಎಂದು ತಕರಾರು ತೆಗೆದವರಿಗೆ ನಮಸ್ಕಾರ, ನನಗಂತೂ ಹೌದು.

ಆರ್ಟೊ ಪಾಸಿಲಿನ್ನಾ ಅವರ ‘ದ ಇಯರ್ ಆಫ್ ದ ಹೇರ್’ (1975) ಅಷ್ಟಕ್ಕಷ್ಟೇ. ಕಾರಿಗೆ ಡಿಕ್ಕಿಯಾದ ಮೊಲದ ಮರಿಯನ್ನು ಎತ್ತಿಕೊಂಡು ಪತ್ರಕರ್ತ ವಾಟನೆನ್ ಹೆಂಡತಿ, ಕೆಲಸ ಎರಡನ್ನೂ ಬಿಟ್ಟು ಹೊರಡುವ ಆರಂಭ ಸೊಗಸಾಗಿದೆ. ಆಮೇಲೆ ಪ್ರಸಂಗಗಳು ಒಂದರ ಹಿಂದೊಂದು ಬರುತ್ತವೆ, ಆ ಹೆಂಡತಿಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಅಲೆಕ್ಸಿಸ್ ಕಿವಿಯ ‘ಸೆವೆನ್ ಬ್ರದರ್ಸ್’ (1870) ಈಗ ಕೈಯಲ್ಲಿದೆ. ಅಣ್ಣತಮ್ಮಂದಿರು ಅಕ್ಷರ ಕಲಿಯಲಾರದೆ ಕಿಟಕಿ ಹಾರಿ ಓಡುವಲ್ಲಿಗೆ ಬಂದಿದ್ದೇನೆ.