ಆಸ್ಟ್ರೇಲಿಯಾದ 189 ವೀಸಾದ ಆಹ್ವಾನ ಸುತ್ತಿಗೆ ಕಾಯುತ್ತಿರುವಾಗಲೇ 33 ತುಂಬಿದರೆ ಅಂಕಗಳ ಗತಿ ಏನು?

ಪ್ರಶ್ನೆ: ದಕ್ಷಿಣಪಥ

ಎಲ್ಲರಿಗೂ ನಮಸ್ಕಾರ. ನಾನು ಮೆಲ್ಬರ್ನ್‌ನಲ್ಲಿ 482 ವೀಸಾದ (ಉದ್ಯೋಗದಾತರು ಪ್ರಾಯೋಜಿಸುವ ತಾತ್ಕಾಲಿಕ ವೀಸಾ) ಮೇಲೆ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಐಟಿ ವೃತ್ತಿಗಳ ಮೌಲ್ಯಮಾಪನ ಸಂಸ್ಥೆ ಎಸಿಎಸ್‌ನಿಂದ ಕೌಶಲ ಮೌಲ್ಯಮಾಪನ ಮುಗಿಸಿಕೊಂಡು, ಅಂಕ ಆಧಾರಿತ ವೀಸಾಗಳಾದ 189 (ಪ್ರಾಯೋಜಕರು ಬೇಡದ ಕಾಯಂ ವೀಸಾ), 190 (ರಾಜ್ಯ ನಾಮನಿರ್ದೇಶನ ಮಾಡುವ ಕಾಯಂ ವೀಸಾ) ಮತ್ತು 491 (ಪ್ರಾದೇಶಿಕ ತಾತ್ಕಾಲಿಕ ವೀಸಾ) ಮೂರನ್ನೂ ಒಂದೇ ಇಒಐನಲ್ಲಿ (ಆಸಕ್ತಿ ಸೂಚಿಸುವ ಅರ್ಜಿ) ಗುರುತಿಸಿ, ಸರ್ಕಾರ ಸುತ್ತುಗಳಲ್ಲಿ ಆಹ್ವಾನ ಕಳುಹಿಸುವ ಆನ್‌ಲೈನ್ ವ್ಯವಸ್ಥೆಯಾದ ಸ್ಕಿಲ್‌ಸೆಲೆಕ್ಟ್‌ನಲ್ಲಿ ಸಲ್ಲಿಸಿದ್ದೇನೆ. ವಯಸ್ಸಿಗೆ 30, ಪದವಿಗೆ 15, ಇಂಗ್ಲಿಷ್‌ಗೆ 20, ಹೊರದೇಶದ ಅನುಭವಕ್ಕೆ 5, ಆಸ್ಟ್ರೇಲಿಯಾದ ಅನುಭವಕ್ಕೆ 5, ಪತ್ನಿಯ ಇಂಗ್ಲಿಷ್‌ಗೆ 5, ಹೀಗೆ ಒಟ್ಟು 80 ಅಂಕಗಳಾಗುತ್ತವೆ.

ಇನ್ನು ಕೆಲವೇ ತಿಂಗಳಲ್ಲಿ ನನಗೆ 33 ತುಂಬುತ್ತದೆ, ಆಗ ವಯಸ್ಸಿನ ಅಂಕ 30ರಿಂದ 25ಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಸುತ್ತು ನಡೆಯುತ್ತದೋ ಇಲ್ಲವೋ ತಿಳಿಯದು. ಪತ್ನಿಯೂ ಐಟಿ ಕ್ಷೇತ್ರದವರೇ, ಬಿಸಿನೆಸ್ ಅನಲಿಸ್ಟ್; ಅವರಿಗೆ 29 ವರ್ಷ. ಅವರ ಮೌಲ್ಯಮಾಪನವನ್ನೂ ಮಾಡಿಸಿದರೆ ಇನ್ನೂ 5 ಅಂಕ ಸಿಗುತ್ತದೆ ಎಂದು ತಿಳಿದಿದೆ. ಆದರೆ ಇಒಐಗೆ ಈಗ ಕೈ ಹಚ್ಚಿದರೆ ಇಷ್ಟು ಕಾಲ ಕಾದು ಗಳಿಸಿದ ಸರದಿಯ ದಿನಾಂಕ ಹೋಗಿಬಿಡುತ್ತದೆಯೇ ಎಂಬ ಭಯ ನನ್ನನ್ನು ಬಿಡುತ್ತಿಲ್ಲ. ಮಗುವನ್ನು ಶಾಲೆಗೆ ಸೇರಿಸುವುದರಿಂದ ಹಿಡಿದು ಮನೆಯ ಬಾಡಿಗೆ ಕರಾರಿನವರೆಗೆ ಪ್ರತಿಯೊಂದು ನಿರ್ಧಾರವೂ ಆಹ್ವಾನದ ಈ ಒಂದು ಇಮೇಲ್‌ಗಾಗಿ ತಡೆದು ನಿಂತಿದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನದಿಮೂಲ

ನಮಸ್ಕಾರ. ನಿಮ್ಮ ಭಯದ ಮೂಲ ಸರದಿಯ ದಿನಾಂಕದಲ್ಲಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಸ್ಕಿಲ್‌ಸೆಲೆಕ್ಟ್ ಮೊದಲು ನೋಡುವುದು ಅಂಕವನ್ನು. ಅಂಕ ಸಮನಾಗಿದ್ದಾಗ ಮಾತ್ರ, ಆ ಅಂಕವನ್ನು ಯಾರು ಮೊದಲು ಮುಟ್ಟಿದರು ಎಂಬುದನ್ನು ನೋಡುತ್ತದೆ. ನಾವು ಸರದಿಯ ದಿನಾಂಕ ಎನ್ನುವುದು ಇದನ್ನೇ. ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ, ಹೊಸ ಮೌಲ್ಯಮಾಪನ ಪತ್ರದ ಸಂಖ್ಯೆ ಮುಂತಾದ, ಅಂಕಕ್ಕೆ ಸಂಬಂಧಿಸದ ವಿವರಗಳನ್ನು ಎಷ್ಟು ಸಲ ತಿದ್ದಿದರೂ ಆ ದಿನಾಂಕ ಅಲುಗುವುದಿಲ್ಲ. ಅಂಕ ಏರಿದರೆ ಅಥವಾ ಇಳಿದರೆ ಮಾತ್ರ ದಿನಾಂಕ ಹೊಸದಾಗುತ್ತದೆ. ಪತ್ನಿಯ ಮೌಲ್ಯಮಾಪನದಿಂದ ನೀವು 85ಕ್ಕೆ ಏರಿದರೆ ಹಳೆಯ ದಿನಾಂಕ ಹೋಗುವುದು ನಿಜ, ಆದರೆ 85 ಅಂಕದವರಲ್ಲಿ ಕಟ್ಟಕಡೆಗೆ ಬಂದವರೂ ಅದೇ ವೃತ್ತಿಯ 80 ಅಂಕದವರೆಲ್ಲರಿಗಿಂತ ಮುಂದಿರುತ್ತಾರೆ. ಇನ್ನೊಂದು ವಿಷಯವನ್ನೂ ಗಮನಿಸಿ: ನೀವು ಏನೂ ಮಾಡದೆ ಸುಮ್ಮನಿದ್ದರೂ 33 ತುಂಬಿದ ದಿನ ವ್ಯವಸ್ಥೆಯೇ ನಿಮ್ಮ ಅಂಕವನ್ನು 75ಕ್ಕೆ ಇಳಿಸುತ್ತದೆ, ಆಗಲೂ ಆ ದಿನಾಂಕ ಉಳಿಯುವುದಿಲ್ಲ. ಹೇಗೂ ಹೋಗಲಿರುವ ದಿನಾಂಕವನ್ನು ಕಾಪಾಡಲು ಬರಬಹುದಾದ ಅಂಕವನ್ನು ಬಿಡುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ವಯಸ್ಸಿನ ಲೆಕ್ಕ ಆಹ್ವಾನ ಬಂದ ದಿನಕ್ಕೆ ಸೀಮಿತವಾದದ್ದು. ಆಹ್ವಾನ ಬಂದ ಮೇಲೆ ಅರ್ಜಿ ಸಲ್ಲಿಸಲು 60 ದಿನಗಳಿರುತ್ತವೆ. ಆ ಅವಧಿಯಲ್ಲಿ 33 ತುಂಬಿದರೂ ನಿಮ್ಮ 30 ಅಂಕಕ್ಕೆ ಧಕ್ಕೆಯಿಲ್ಲ. ಇದನ್ನು ತಿಳಿಯದೆ ಅನೇಕರು ಅನಗತ್ಯವಾಗಿ ಕಂಗಾಲಾಗುವುದನ್ನು ಕಂಡಿದ್ದೇನೆ.

ಇನ್ನು ಸುತ್ತುಗಳ ವಿಚಾರ. ಹಿಂದೆ ಪ್ರತಿ ತಿಂಗಳೂ ಸುತ್ತು ನಡೆಯುತ್ತಿದ್ದ ಕಾಲವಿತ್ತು, ಈಗ ಹಾಗಿಲ್ಲ. 2024-25ರ ಸಾಲಿನಲ್ಲಿ ಸೆಪ್ಟೆಂಬರ್ 5ರಂದು ಒಂದು, ನವೆಂಬರ್ 7ರಂದು ಇನ್ನೊಂದು ಸುತ್ತು ನಡೆದವು. ಆಮೇಲೆ ಜೂನ್ ಕೊನೆಗೆ ವರ್ಷ ಮುಗಿಯುವವರೆಗೂ 189ರ ಸುತ್ತು ನಡೆಯಲೇ ಇಲ್ಲ. ಪ್ರತಿ ತಿಂಗಳೂ ಹೊಸ ವದಂತಿಯನ್ನು ನಂಬಿ ಕಾದವರಿಗೆ ಆ ಏಳೆಂಟು ತಿಂಗಳು ಎಷ್ಟು ಭಾರವಾಗಿದ್ದವು ಎಂಬುದು ಕಾದವರಿಗೇ ಗೊತ್ತು. ಇದರ ಹಿಂದಿನ ಕಾರಣ ಅಂಕಪಟ್ಟಿಯಲ್ಲಿಲ್ಲ, ವಾರ್ಷಿಕ ಯೋಜನೆಯಲ್ಲಿದೆ. 2023-24ರಲ್ಲಿ 189ಕ್ಕೆ 30,375 ಸ್ಥಾನಗಳನ್ನು ಇಟ್ಟಿದ್ದ ಸರ್ಕಾರ 2024-25ರಲ್ಲಿ ಅದನ್ನು 16,900ಕ್ಕೆ ಇಳಿಸಿತು; 2025-26ಕ್ಕೂ ಅದೇ ಸಂಖ್ಯೆ ಮುಂದುವರಿಯಿತು. ಈ ಸ್ಥಾನಗಳಲ್ಲಿ ಅರ್ಜಿದಾರರ ಜೊತೆಗೆ ಅವರ ಪತಿ, ಪತ್ನಿ, ಮಕ್ಕಳೂ ಎಣಿಕೆಯಾಗುತ್ತಾರೆ. ಹಿಂದಿನ ವರ್ಷ ಆಹ್ವಾನ ಪಡೆದು ಇನ್ನೂ ತೀರ್ಮಾನವಾಗದ ಅರ್ಜಿಗಳೂ ಇದೇ ಸ್ಥಾನಗಳಿಗೆ ಕಾದಿರುತ್ತವೆ. ಆದ್ದರಿಂದ ಸುತ್ತು ತಡವಾಯಿತೆಂದರೆ ನಿಮ್ಮ ಕಡತದಲ್ಲಿ ಕೊರತೆಯಿದೆ ಎಂದು ಭಾವಿಸಬೇಕಾಗಿಲ್ಲ.

ಕನಿಷ್ಠ ಅರ್ಹತೆ 65 ಅಂಕ ಎಂದು ನಿಯಮ ಹೇಳುತ್ತದೆ, ಮತ್ತು ಕಟ್ಟಡ ಕಾಮಗಾರಿಯ ಕುಶಲಕರ್ಮಿಗಳು ಆ ಅಂಕದ ಆಸುಪಾಸಿನಲ್ಲೇ ಆಹ್ವಾನ ಪಡೆದಿದ್ದಾರೆ. ನಮ್ಮ ಐಟಿ ವೃತ್ತಿಗಳಲ್ಲಿ ಸ್ಪರ್ಧೆ ಬಹಳ ಹೆಚ್ಚು. 80 ಅಂಕವನ್ನು ನಂಬಿ 189ಕ್ಕಾಗಿ ಮಾತ್ರ ಕಾಯುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಉತ್ತರ: ಅಕ್ಷರಪ್ರಿಯೆ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಅನುವಾದಕರಿಗೆ ಮಾನ್ಯತೆ ನೀಡುವ ನಾಟಿ (NAATI) ಸಂಸ್ಥೆಯ ಸಿಸಿಎಲ್ ಎಂಬ ಭಾಷಾ ಪರೀಕ್ಷೆಯ ಹೆಸರನ್ನೇ ನೀವು ಎತ್ತಿಲ್ಲ. ಅದರಲ್ಲಿ ಕನ್ನಡವೂ ಇದೆ ಮತ್ತು ಉತ್ತೀರ್ಣರಾದರೆ 5 ಅಂಕ ಸಿಗುತ್ತದೆ. ಇಬ್ಬರು ಮಾತನಾಡುವ ಎರಡು ಸಂಭಾಷಣೆಗಳನ್ನು ತುಣುಕು ತುಣುಕಾಗಿ ಕೇಳಿಸುತ್ತಾರೆ. ಇಂಗ್ಲಿಷ್‌ನಲ್ಲಿ ಬಂದದ್ದನ್ನು ಕನ್ನಡದಲ್ಲೂ ಕನ್ನಡದಲ್ಲಿ ಬಂದದ್ದನ್ನು ಇಂಗ್ಲಿಷ್‌ನಲ್ಲೂ ಹೇಳಬೇಕು. ಒಂದೊಂದು ತುಣುಕು 35 ಪದ ಮೀರುವುದಿಲ್ಲ. ಒಟ್ಟು 90 ಅಂಕಗಳಲ್ಲಿ ಕನಿಷ್ಠ 63 ಬರಬೇಕು, ಪ್ರತಿ ಸಂಭಾಷಣೆಯಲ್ಲೂ 45ಕ್ಕೆ 29ಕ್ಕಿಂತ ಕಡಿಮೆಯಾಗಬಾರದು. ಮನೆಮಾತು ಕನ್ನಡವಾದ್ದರಿಂದ ತಯಾರಿ ಬೇಡ ಎಂದುಕೊಳ್ಳಬೇಡಿ. ಆಸ್ಪತ್ರೆ, ನ್ಯಾಯಾಲಯ, ವಿಮೆ, ಬಾಡಿಗೆ ವ್ಯಾಜ್ಯ, ಸರ್ಕಾರಿ ನೆರವು ಇಂಥ ವಿಷಯಗಳ ಮಾತುಕತೆಯನ್ನು ಏನೂ ಬಿಟ್ಟುಹೋಗದಂತೆ ಒಂದೇ ಉಸಿರಿಗೆ ಇನ್ನೊಂದು ಭಾಷೆಯಲ್ಲಿ ಹೇಳಲು ಅಭ್ಯಾಸ ಬೇಕೇ ಬೇಕು. ಟಿಪ್ಪಣಿ ಬರೆದುಕೊಳ್ಳಲು ಅವಕಾಶವಿದೆ, ಅದನ್ನು ಚೆನ್ನಾಗಿ ರೂಢಿಸಿಕೊಳ್ಳಿ.

ಎರಡನೆಯದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ನಿಮ್ಮ ಪತ್ನಿಯ ಅಂಕವನ್ನು ನಿಮ್ಮ ಲೆಕ್ಕಕ್ಕೆ ಕೂಡಿಸುವುದರ ಬಗ್ಗೆ ಮಾತ್ರ ಬರೆದಿದ್ದೀರಿ, ಅವರೇ ಪ್ರಧಾನ ಅರ್ಜಿದಾರರಾಗಬಹುದು ಎಂಬ ಯೋಚನೆ ಬಂದಂತಿಲ್ಲ. ಅವರಿಗೆ 29 ಎಂದರೆ ವಯಸ್ಸಿನ 30 ಅಂಕ ಇನ್ನೂ ವರ್ಷಗಳ ಕಾಲ ಭದ್ರವಾಗಿರುತ್ತದೆ. ಅವರು ಇಂಗ್ಲಿಷ್‌ನಲ್ಲಿ ಮೇಲಿನ ಹಂತ ಮುಟ್ಟಿದರೆ, ನಿಮ್ಮ ಕೌಶಲಕ್ಕೆ ಸಿಗುವ 10 ಅಂಕವೂ ಸೇರಿ, ಅವರ ಒಟ್ಟು ಅಂಕ ನಿಮ್ಮದನ್ನು ಮೀರಿದರೂ ಆಶ್ಚರ್ಯವಿಲ್ಲ. ದಂಪತಿಗಳಲ್ಲಿ ಇಬ್ಬರೂ ಬೇರೆ ಬೇರೆ ಇಒಐ ಸಲ್ಲಿಸಲು ಯಾವ ತಡೆಯೂ ಇಲ್ಲ, ಸಲ್ಲಿಸಲು ಶುಲ್ಕವೂ ಇಲ್ಲ. ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವುದಾದರೆ 2025ರ ಆಗಸ್ಟ್ 7ರಿಂದ ಅಂಕಮಿತಿಗಳು ಬದಲಾಗಿರುವುದನ್ನು ನೆನಪಿಡಿ. 20 ಅಂಕಕ್ಕೆ ಹಿಂದೆ ಎಲ್ಲ ವಿಭಾಗಗಳಲ್ಲೂ 79 ಸಾಕಾಗಿತ್ತು, ಈಗ ಬರವಣಿಗೆಗೆ 85 ಮತ್ತು ಮಾತಿಗೆ 88 ಬೇಕು, ಆಲಿಸುವುದಕ್ಕೂ ಓದುವುದಕ್ಕೂ ಮಾತ್ರ ಮಿತಿ ಕಡಿಮೆಯಾಗಿದೆ.

ಉತ್ತರ: ದಕ್ಷಿಣಪಥ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪತ್ನಿಯ ಹೆಸರಿನಲ್ಲೇ ಇಒಐ ಸಲ್ಲಿಸುವ ವಿಚಾರವನ್ನು ಅವರಿಗೆ ಓದಿ ಹೇಳಿದೆ. ಎಸಿಎಸ್‌ಗೆ ಬೇಕಾದ ಅನುಭವ ಪತ್ರಗಳಿಗಾಗಿ ಹಳೆಯ ಕಂಪನಿಗಳಿಗೆ ಇಂದೇ ಬರೆಯುತ್ತಿದ್ದಾರೆ. ಇನ್ನೆರಡು ಸಂದೇಹಗಳಿವೆ. ಮೂರೂ ವೀಸಾಗಳನ್ನು ಒಂದೇ ಇಒಐನಲ್ಲಿ ಇಟ್ಟಿರುವುದು ಸರಿಯೇ? ಈಗಿನ ಕೆಲಸದ ಕೊನೆಯ ದಿನಾಂಕವನ್ನು ಖಾಲಿ ಬಿಟ್ಟಿದ್ದೇನೆ, ಅದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಬಯಲುಸೀಮೆ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೆಲಸ ಮುಂದುವರಿಯುತ್ತಿರುವವರೆಗೆ ಖಾಲಿ ಬಿಡುವುದೇ ಸರಿಯಾದ ಕ್ರಮ. ಇಲ್ಲಿನ ಅನುಭವ ಮೂರು ವರ್ಷ ತುಂಬಿದ ದಿನ ವ್ಯವಸ್ಥೆ ತಾನಾಗಿಯೇ 5 ಇದ್ದದ್ದನ್ನು 10 ಮಾಡುತ್ತದೆ. ಆದರೆ ಕೆಲಸ ಬಿಟ್ಟ ಅಥವಾ ಹುದ್ದೆಯ ಸ್ವರೂಪ ಬದಲಾದ ದಿನವೇ ಹೋಗಿ ಕೊನೆಯ ದಿನಾಂಕ ತುಂಬಬೇಕು. ಅದನ್ನು ಮರೆತರೆ ಇಲ್ಲದ ಅನುಭವಕ್ಕೂ ಅಂಕ ಏರುತ್ತಾ ಹೋಗಿ, ಆ ಅಂಕದ ಮೇಲೆ ಆಹ್ವಾನ ಬಂದುಬಿಡುತ್ತದೆ. ಆಹ್ವಾನ ಬಂದ ಮೇಲೆ ಇಒಐ ತಿದ್ದಲು ಬರುವುದಿಲ್ಲ, ಹೇಳಿಕೊಂಡ ಅಂಕಕ್ಕೆ ದಾಖಲೆ ಒದಗಿಸಲಾಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಪ್ರಧಾನ ಅರ್ಜಿದಾರರಿಗೇ 4,900 ಡಾಲರ್ ಮೀರುವ ಶುಲ್ಕವೂ ಮರಳುವುದಿಲ್ಲ. ಎಸಿಎಸ್ ಯಾವ ದಿನಾಂಕದ ನಂತರದ ಅನುಭವವನ್ನು ಮಾನ್ಯ ಮಾಡಿದೆಯೋ ಅಲ್ಲಿಂದಾಚೆಗಿನದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ ಎಂಬುದನ್ನೂ ಒಮ್ಮೆ ಪರಿಶೀಲಿಸಿ. ಅನುಭವದ ಅಂಕಕ್ಕೆ ಕಳೆದ 10 ವರ್ಷಗಳ ಕೆಲಸವನ್ನು ಮಾತ್ರ ಪರಿಗಣಿಸುತ್ತಾರೆ, ಆದ್ದರಿಂದ ಹಳೆಯ ಹೊರದೇಶದ ಅನುಭವ ಕಾಲ ಸರಿದಂತೆ ಕೈಜಾರುವ ಸಾಧ್ಯತೆಯೂ ಇದೆ.

ಮೂರು ವೀಸಾಗಳಿಗೆ ಮೂರು ಇಒಐ ಇರುವುದೇ ಲೇಸು. ಒಂದೇ ಇಒಐನಲ್ಲಿ ಎಲ್ಲವೂ ಇದ್ದಾಗ 491ಕ್ಕೆ ಆಹ್ವಾನ ಬಂದರೆ ಆ ಇಒಐ ಪೂರ್ತಿ ತಡೆಹಿಡಿಯಲ್ಪಡುತ್ತದೆ, ಮರುವಾರವೇ 189ರ ಸುತ್ತು ನಡೆದರೂ ನಿಮ್ಮನ್ನು ಪರಿಗಣಿಸುವುದಿಲ್ಲ. ರಾಜ್ಯದ ನಾಮನಿರ್ದೇಶನದಿಂದ 190ಕ್ಕೆ 5 ಅಂಕ, 491ಕ್ಕೆ 15 ಅಂಕ ಹೆಚ್ಚಾಗಿ ಸಿಗುತ್ತವೆ. 2024-25ರಲ್ಲಿ ಈ ಎರಡು ವರ್ಗಗಳಿಗೂ ತಲಾ 33,000 ಸ್ಥಾನಗಳಿದ್ದವು, ಅಂದರೆ 189ಕ್ಕೆ ಸುಮಾರು ಎರಡು ಪಟ್ಟು. ಆದರೆ ಒಂದೊಂದು ರಾಜ್ಯದ ರೀತಿ ಒಂದೊಂದು. ನ್ಯೂ ಸೌತ್ ವೇಲ್ಸ್ 190ಕ್ಕೆ ಸ್ಕಿಲ್‌ಸೆಲೆಕ್ಟ್‌ನಿಂದ ನೇರವಾಗಿ ಆರಿಸಿಕೊಳ್ಳುತ್ತದೆ ಮತ್ತು ಕರೆ ಬಂದರೆ ನಾಮನಿರ್ದೇಶನದ ಅರ್ಜಿ ಹಾಕಲು 14 ದಿನ ಮಾತ್ರ ಕೊಡುತ್ತದೆ. ನೀವಿರುವ ವಿಕ್ಟೋರಿಯಾದಲ್ಲಿ ಇಒಐ ಒಂದೇ ಸಾಲದು. ರಾಜ್ಯ ಸರ್ಕಾರದ ತಾಣದಲ್ಲಿ ಪ್ರತ್ಯೇಕವಾಗಿ ಆಸಕ್ತಿ ನೋಂದಣಿ, ಅಂದರೆ ಆರ್‌ಒಐ, ಸಲ್ಲಿಸಲೇಬೇಕು. ಪ್ರಶ್ನೆಯಲ್ಲಿ ಅದರ ಸುಳಿವಿಲ್ಲದ್ದರಿಂದ ಕೇಳುತ್ತಿದ್ದೇನೆ: ಅದನ್ನು ಸಲ್ಲಿಸಿದ್ದೀರಾ? ಸಲ್ಲಿಸಿಲ್ಲವಾದರೆ ವಿಕ್ಟೋರಿಯಾದ ಮಟ್ಟಿಗೆ ನೀವಿನ್ನೂ ಸಾಲಿನಲ್ಲೇ ನಿಂತಿಲ್ಲ.

491ರ ಅಂಕ ಆಕರ್ಷಕವಾಗಿದ್ದರೂ ಯೋಚಿಸಿ ಮುಂದಡಿಯಿಡಿ. ಐದು ವರ್ಷದ ತಾತ್ಕಾಲಿಕ ವೀಸಾ ಅದು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಪ್ರಾದೇಶಿಕ ವಲಯದಲ್ಲಿ ನೆಲೆಸಬೇಕು, ಮೂರು ವರ್ಷ ಕಳೆದ ಮೇಲೆ 191 ವೀಸಾದ ಮೂಲಕ ಪಿಆರ್‌ಗೆ, ಅಂದರೆ ಕಾಯಂ ನಿವಾಸಕ್ಕೆ, ಹೋಗಬಹುದು. ಆ ಮೂರು ವರ್ಷ 189, 190 ಮತ್ತು ಉದ್ಯೋಗದಾತರ ಮೂಲಕ ಸಿಗುವ ಕಾಯಂ ವೀಸಾ 186ರ ಬಾಗಿಲುಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಅಡಿಲೇಡ್, ಪರ್ತ್ ಕೂಡ ಈ ವಲಯಕ್ಕೇ ಸೇರುವುದರಿಂದ ಐಟಿಯವರಿಗೆ ಕೆಲಸವೇ ಸಿಗದು ಎಂದೇನಿಲ್ಲ, ಆದರೆ ಮೆಲ್ಬರ್ನ್ ಬಿಡಲು ಇಬ್ಬರೂ ಸಿದ್ಧರಿರಬೇಕು.

ಉತ್ತರ: ನದಿಮೂಲ

ಎಲ್ಲರೂ ಅಂಕದ ಮಾತನ್ನೇ ಆಡುತ್ತಿದ್ದೇವೆ, ನೀವು 482ರಲ್ಲಿದ್ದೀರಿ ಎಂಬುದು ಪಕ್ಕಕ್ಕೆ ಸರಿಯಿತು. ಅನುಮೋದಿತ ಪ್ರಾಯೋಜಕರ ಬಳಿ ಕಳೆದ ಮೂರು ವರ್ಷಗಳಲ್ಲಿ ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡಿದವರನ್ನು ಉದ್ಯೋಗದಾತರು 186ರ ತಾತ್ಕಾಲಿಕ ನಿವಾಸ ಪರಿವರ್ತನೆ ಮಾರ್ಗದಲ್ಲಿ ಪಿಆರ್‌ಗೆ ನಾಮನಿರ್ದೇಶನ ಮಾಡಬಹುದು. 2024ರ ಡಿಸೆಂಬರ್ 7ರಿಂದ ಬೇರೆ ಬೇರೆ ಅನುಮೋದಿತ ಪ್ರಾಯೋಜಕರ ಬಳಿ ದುಡಿದ ಕಾಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಆ ಮಾರ್ಗದಲ್ಲಿ ಅಂಕಗಳಿಲ್ಲ, ಸುತ್ತುಗಳೂ ಇಲ್ಲ. ವಯಸ್ಸು 45ರ ಒಳಗಿದ್ದರಾಯಿತು, 33 ತುಂಬುವುದರಿಂದ ಏನೂ ಕಳೆದುಹೋಗುವುದಿಲ್ಲ. ಇಡೀ ಭವಿಷ್ಯ ಒಬ್ಬ ಉದ್ಯೋಗದಾತರ ಮನಸ್ಸಿನ ಮೇಲೆ ನಿಲ್ಲುವುದು ಅದರ ದೊಡ್ಡ ದೌರ್ಬಲ್ಯ, ಆದ್ದರಿಂದ ಇಒಐಗಳನ್ನು ಕೈಬಿಡಬೇಡಿ. ನಾನು ನಿಮ್ಮ ಸ್ಥಾನದಲ್ಲಿದ್ದರೆ ಈ ವಾರವೇ ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆದು, ನಾಮನಿರ್ದೇಶನ ಮಾಡುವ ಉದ್ದೇಶವಿದೆಯೇ, ಇದ್ದರೆ ಯಾವಾಗ ಎಂದು ಲಿಖಿತ ಉತ್ತರ ಕೇಳುತ್ತಿದ್ದೆ. ಸುತ್ತಿನ ದಿನಾಂಕ ನಿಮ್ಮ ಕೈಯಲ್ಲಿಲ್ಲ, ಆ ಪತ್ರ ನಿಮ್ಮ ಕೈಯಲ್ಲಿದೆ.

ಉತ್ತರ: ದಕ್ಷಿಣಪಥ

ವಿಕ್ಟೋರಿಯಾದ ಆರ್‌ಒಐ ಸಲ್ಲಿಸಿರಲಿಲ್ಲ. ನಿನ್ನೆ ಸಂಜೆ ಸಲ್ಲಿಸಿದೆ. 189 ಮತ್ತು 190ಕ್ಕೆ ಬೇರೆ ಬೇರೆ ಇಒಐ ಮಾಡಿದ್ದೇನೆ. ಮೆಲ್ಬರ್ನ್ ಬಿಡುವ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲದ್ದರಿಂದ 491 ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿದೆವು. ಸಿಸಿಎಲ್ ಪರೀಕ್ಷೆಗೆ ಇಬ್ಬರೂ ಹೆಸರು ನೋಂದಾಯಿಸುತ್ತೇವೆ. 186ರ ಬಗ್ಗೆ ಕಂಪನಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದ ಕೂಡಲೇ ಇಲ್ಲಿ ತಿಳಿಸುತ್ತೇನೆ.

ಉತ್ತರ: ಬಯಲುಸೀಮೆ

ಒಳ್ಳೆಯ ಕೆಲಸ ಮಾಡಿದಿರಿ. ಕೊನೆಯದಾಗಿ ಒಂದು ಸೂಚನೆ: ಇಒಐ ಎರಡು ವರ್ಷ, ಎಸಿಎಸ್ ಪತ್ರ ಎರಡು ವರ್ಷ, ಇಂಗ್ಲಿಷ್ ಫಲಿತಾಂಶ ಮೂರು ವರ್ಷ ನಡೆಯುತ್ತವೆ, ಒಂದೊಂದೂ ಬೇರೆ ಬೇರೆ ದಿನ ಮುಗಿಯುತ್ತದೆ. ಮೌಲ್ಯಮಾಪನವೂ ಇಂಗ್ಲಿಷ್ ಫಲಿತಾಂಶವೂ ಆಹ್ವಾನ ಬಂದ ದಿನ ಊರ್ಜಿತವಾಗಿರಲೇಬೇಕು, ಆದ್ದರಿಂದ ಈ ದಿನಾಂಕಗಳನ್ನು ಇಬ್ಬರ ಹೆಸರಿನಲ್ಲೂ ಒಂದೆಡೆ ಬರೆದಿಟ್ಟುಕೊಳ್ಳಿ. ಯಾವುದಾದರೂ ಒಂದು ಆಹ್ವಾನದ ಮೇಲೆ ಅರ್ಜಿ ಸಲ್ಲಿಸಿದ ಕೂಡಲೇ ಉಳಿದ ಇಒಐಗಳನ್ನು ಹಿಂಪಡೆಯಿರಿ. ನಿಮಗೆ ಬೇಡವಾದ ಆ ಸ್ಥಾನಕ್ಕೆ ಇನ್ನೊಬ್ಬರು ಕಾದಿರುತ್ತಾರೆ.